ಹಲಸಿನ ಕೋಣೆಯ ಹೀಟರ್

ನಮ್ಮ ಮನೆಯಲ್ಲಿದ್ದದ್ದು ಒಂದೇ ಹೀಟರ್, ಅದು ಹಲಸಿನ ಗಿಡಗಳಿಗೆ. ಮನುಷ್ಯರಿಗೆ ಕಂಬಳಿ. ಇದನ್ನು ಹೇಳಿದರೆ ಜನ ಮೊದಲು ನಗುತ್ತಾರೆ, ಆಮೇಲೆ ಒಮಾನಿನಲ್ಲಿ ಎಂಥ ಚಳಿ ಎಂದು ಕೇಳುತ್ತಾರೆ. ಊರಿನಲ್ಲಿದ್ದ ನನ್ನ ದೊಡ್ಡಮ್ಮನಂತೂ ಸಾಯುವವರೆಗೂ ನಂಬಲಿಲ್ಲ. ಅಪ್ಪ ಕಳಿಸಿದ ಫೋಟೋದಲ್ಲಿ ನಾವು ಮೂವರೂ ಸ್ವೆಟರ್ ಹಾಕಿ ನಿಂತಿದ್ದೆವು. ಅದು ಗಲ್ಫಿನ ದೊಡ್ಡಸ್ತಿಕೆ ತೋರಿಸಲು ಹಾಕಿಕೊಂಡದ್ದು ಎಂದು ಅವಳು ಬಸ್‌ಸ್ಟ್ಯಾಂಡಿನವರೆಗೂ ಹೇಳಿಕೊಂಡು ಬಂದಳಂತೆ. ನಾವಿದ್ದದ್ದು ಬೆಟ್ಟದ ಮೇಲೆ. ಅರಬ್ಬಿಯಲ್ಲಿ ಅದಕ್ಕೆ ಜಬಲ್ ಅಖ್ದರ್, ಹಸಿರು ಬೆಟ್ಟ, ಎಂದು ಹೆಸರು. ಹಸಿರು ಎಂಬುದು ಕಣಿವೆಯ ಅಂಚಿನ ಮೆಟ್ಟಿಲು ಹೊಲಗಳಲ್ಲಿ ಮಾತ್ರ ಇತ್ತು, ದಾಳಿಂಬೆ, ಅಕ್ರೋಟು, ಗುಲಾಬಿ. ಉಳಿದದ್ದೆಲ್ಲ ಕಲ್ಲು. ಚಳಿಗಾಲದ ಬೆಳಿಗ್ಗೆ ಅಂಗಳದ ಬಕೆಟಿನ ನೀರಿನ ಮೇಲೆ ಗಾಜಿನ ಹಾಗೆ ತೆಳುವಾದ ಪದರ ಕಟ್ಟಿರುತ್ತಿತ್ತು. ಹಗ್ಗದ ಮೇಲೆ ಒಣಹಾಕಿದ ಅಪ್ಪನ ಪ್ಯಾಂಟು ಸೆಟೆದು ನಿಂತಿರುತ್ತಿತ್ತು. ತೆಂಗಿನೆಣ್ಣೆ ಬಾಟಲಿಯಲ್ಲಿ ಮೇಣವಾಗುತ್ತಿತ್ತು, ಅಮ್ಮ ಅದನ್ನು ಚಮಚದ ಹಿಡಿಯಿಂದ ಕೆರೆದು ಒಗ್ಗರಣೆಗೆ ಹಾಕುತ್ತಿದ್ದಳು.

ಅಪ್ಪ ಸರಕಾರಿ ಆರೋಗ್ಯ ಕೇಂದ್ರದಲ್ಲಿ ಔಷಧಿ ಕೊಡುವ ಕೆಲಸದಲ್ಲಿದ್ದ. ಕೇಂದ್ರದ ಹಿಂದೆಯೇ ನಮ್ಮ ಮನೆ, ಸಾಲಾಗಿ ಮೂರು ಕೋಣೆ. ಮುಂದಿನದರಲ್ಲಿ ಅಪ್ಪನ ರೇಡಿಯೋ ಮತ್ತು ಯಾರೂ ಕೂರದ ಎರಡು ಕುರ್ಚಿ. ಹಿಂದಿನದು ಅಡುಗೆಕೋಣೆ. ಒಲೆಯ ಶಾಖ ಸ್ವಲ್ಪವಾದರೂ ಉಳಿಯುತ್ತದೆಂದು ನಾವು ಮೂವರೂ ಅಲ್ಲೇ ಹಾಸಿಕೊಂಡು ಮಲಗುತ್ತಿದ್ದೆವು. ನಡುವಿನ ಕೋಣೆಗೆ ಬಿಸಿಲು ಬೀಳುವ ದೊಡ್ಡ ಕಿಟಕಿ ಇತ್ತು. ಆ ಕಿಟಕಿಯ ಕೆಳಗೆ ಹಾಲಿನಪುಡಿಯ ಡಬ್ಬಗಳು ಮೂರು ಸಾಲು, ಒಂದೊಂದರಲ್ಲಿ ಒಂದೊಂದು ಹಲಸಿನ ಗಿಡ, ನಡುವೆ ಸೀಮೆಎಣ್ಣೆಯ ಹೀಟರ್. ಮನೆಯಲ್ಲಿ ಬಾಗಿಲು ಮುಚ್ಚಿಕೊಂಡಿರಬೇಕಾದ ಕೋಣೆ ಅದೊಂದೇ. ನಾನು ಕೈ ಬಿಸಿಮಾಡಿಕೊಳ್ಳಲು ಒಳಗೆ ನುಸುಳಿದರೆ ಅಮ್ಮ ಅಡುಗೆಕೋಣೆಯಿಂದಲೇ ಕೂಗುತ್ತಿದ್ದಳು.

"ಬಾಗಿಲು ಹಾಕು ಶಾಲಿ. ಶೆಕೆಯೆಲ್ಲ ಹೊರಗೆ ಹೋಗ್ತದೆ."

ನಾನು ಒಳಗಿದ್ದು ಹಾಕಬೇಕೋ ಹೊರಗಿದ್ದು ಹಾಕಬೇಕೋ ಎಂದು ಅವಳು ಹೇಳುತ್ತಿರಲಿಲ್ಲ. ಹೊರಗಿದ್ದು ಎಂದೇ ಅದರ ಅರ್ಥವೆಂದು ನನಗೆ ಬೇಗ ತಿಳಿಯಿತು.

ಅಮ್ಮ ಮೊದಲಿನಿಂದ ಹೀಗಿರಲಿಲ್ಲ. ಬೆಟ್ಟಕ್ಕೆ ಬರುವ ಮೊದಲು ನಾವು ದಕ್ಷಿಣದ ಸಲಾಲಾದಲ್ಲಿದ್ದೆವು. ನನಗೆ ಅಲ್ಲಿನದು ತುಂಡು ತುಂಡು ನೆನಪು, ಹೆಚ್ಚಿನದು ಅವಳು ಹೇಳಿದ್ದು. ಮನೆಯ ಹಿಂದೆ ತೆಂಗಿನ ತೋಟ, ಬೇಸಿಗೆಯಲ್ಲಿ ಜಿಟಿಜಿಟಿ ಮಳೆ, ದಾರಿಬದಿಯಲ್ಲಿ ಬೊಂಡ ಕಡಿದು ಕೊಡುವವರು. ಇದು ನಮ್ಮ ಊರೇ, ಮಾತು ಮಾತ್ರ ಬೇರೆ ಎಂದು ಅವಳು ಅಲ್ಲಿ ಎಲ್ಲರಿಗೂ ಹೇಳುತ್ತಿದ್ದಳಂತೆ. ಪಪ್ಪಾಯಿಯ ಬೀಜ ಉಗುಳಿದಲ್ಲಿ ಪಪ್ಪಾಯಿ, ಬಸಳೆಯ ದಂಟು ಎಸೆದಲ್ಲಿ ಬಸಳೆ. ತನಗೆ ಒಳ್ಳೆಯ ಕೈಗುಣ ಇದೆ ಎಂಬ ಜಂಬ ಅವಳಿಗೆ ಬಂದದ್ದು ಅಲ್ಲಿಯೇ. ಆಮೇಲೆ ಅಪ್ಪನಿಗೆ ಬೆಟ್ಟಕ್ಕೆ ಹೋಗುವ ಆರ್ಡರ್ ಬಂತು. ಎರಡು ವರ್ಷದ ಮಟ್ಟಿಗೆ ಎಂದರು. ಮೇಲೆ ಭಾರತದವರೆಂದರೆ ನಾವು ಮತ್ತು ಕೇಂದ್ರದ ಮಲಯಾಳಿ ನರ್ಸ್ ಅಷ್ಟೆ. ಹಾಳೂರಿಗೆ ಉಳಿದವನೇ ಗೌಡ ಎಂದು ಅಪ್ಪ ತಮಾಷೆ ಮಾಡುತ್ತಿದ್ದ. ಮೊದಲ ಚಳಿಗಾಲದ ನಂತರ ಆ ತಮಾಷೆ ನಿಂತಿತು.

ಆ ಚಳಿಗಾಲದಲ್ಲಿ ಅಮ್ಮ ಬಸುರಿ. ದಿನ ತುಂಬುವ ಮೊದಲೇ ಕೆಳಗೆ ನಿಜ್ವಾ ಪಟ್ಟಣದ ದೊಡ್ಡ ಆಸ್ಪತ್ರೆಗೆ ಹೋಗಿ ಇರುವುದೆಂದು ತೀರ್ಮಾನವಾಗಿತ್ತು. ತಮ್ಮ ಅದಕ್ಕೂ ಮೊದಲೇ ಹೊರಟುಬಂದ. ಆಗ ಬೆಟ್ಟಕ್ಕೆ ಇದ್ದದ್ದು ಕಲ್ಲುಮಣ್ಣಿನ ದಾರಿ, ಆ ವಾರದ ಮಳೆಗೆ ಅದೂ ಕಣಿವೆ ಸೇರಿತ್ತು. ಮೋಡದಲ್ಲಿ ಹೆಲಿಕಾಪ್ಟರ್ ಬರುವಂತಿರಲಿಲ್ಲ. ಮಲಯಾಳಿ ನರ್ಸ್ ಮತ್ತು ನೆರೆಮನೆಯ ಮೌಜಾ ಸೇರಿ ಹೆರಿಗೆ ಮಾಡಿಸಿದರು. ಮೌಜಾ ಎಂದರೆ ನಮ್ಮ ಮನೆಯ ಕೆಳಗಿನ ಹೊಲಗಳ ಯಜಮಾನನ ಹೆಂಡತಿ. ತಾನೂ ಅನೇಕ ಮಕ್ಕಳನ್ನು ಹೆತ್ತವಳು, ಕೆಲವರನ್ನು ಕಳೆದುಕೊಂಡವಳು. ಮಗು ಅಪ್ಪನ ಅಂಗೈಯಷ್ಟೇ ಇತ್ತು. ಹತ್ತಿಯಲ್ಲಿ ಸುತ್ತಿ ಒಲೆಯ ಪಕ್ಕದಲ್ಲಿಟ್ಟರು. ಮೊದಲು ಚಮಚದಲ್ಲಿ ಹನಿ ಹನಿ ಬಿಡುತ್ತಿದ್ದರು, ಆಮೇಲೆ ಅದು ತಾನೇ ಹಾಲು ಹೀರಲು ಕಲಿಯಿತು. ಅದು ಕಲಿತ ದಿನ ಅಮ್ಮ ನಕ್ಕಳು, ಮೌಜಾ ಖರ್ಜೂರ ತಂದು ಹಂಚಿದಳು. ಮುಂದಿನ ವಾರ ಮಳೆ ನಿಂತು ಆಕಾಶ ತೆರೆಯಿತು, ಚಳಿ ಹೆಚ್ಚಿತು. ಒಂದು ಬೆಳಿಗ್ಗೆ ತಮ್ಮ ಏಳಲಿಲ್ಲ. ಅವನಿಗಿನ್ನೂ ಹೆಸರಿಟ್ಟಿರಲಿಲ್ಲ. ಬಾಲೆ ಎಂದು ಕರೆಯುತ್ತಿದ್ದೆವು, ನಮ್ಮ ತುಳುವಿನಲ್ಲಿ ಹಾಗೆಂದರೆ ಕೂಸು.

ಮೌಜಾಳ ಗಂಡ ತನ್ನ ಹೊಲದ ಕೊನೆಯ ಮೆಟ್ಟಿಲಿನಾಚೆ ಒಂದು ಮೂಲೆ ತೋರಿಸಿದ. ಅವನೂ ಅಪ್ಪನೂ ಹೋಗಿ ಮಣ್ಣು ಮಾಡಿ ಬಂದರು. ಅಮ್ಮನನ್ನು ಕರೆದುಕೊಂಡು ಹೋಗಲಿಲ್ಲ. ಅಪ್ಪ ಕೈಕಾಲು ತೊಳೆದು ಒಳಗೆ ಬಂದಾಗ ಅವಳು ಅಳುತ್ತಿರಲಿಲ್ಲ. ಗೋಡೆಗೆ ಒರಗಿ ಕೂತು ಒಂದೇ ಪ್ರಶ್ನೆ ಕೇಳಿದಳು.

"ಯಾವ ಮರದ ಬುಡದಲ್ಲಿ?"

"ಮರ ಎಲ್ಲಿ ಉಂಟು ಅಲ್ಲಿ? ಕಲ್ಲು ಇಟ್ಟು ಬಂದಿದ್ದೇವೆ, ನರಿ ಮುಟ್ಟದ ಹಾಗೆ."

"ಹಾಲು ಕುಡಿಯುವ ಬಾಲೆ. ಇನ್ನು ಅವನಿಗೆ ಯಾರು ಕೊಡುವುದು?"

ಇದು ಹೊರಗಿನವರಿಗೆ ಹುಚ್ಚಿನ ಮಾತು, ನಮ್ಮವರಿಗೆ ಅಲ್ಲ. ಅಮ್ಮನ ಕಡೆಯಲ್ಲಿ ಹಾಲು ಬಿಡದ ಕೂಸು ತೀರಿಕೊಂಡರೆ ಸುಡುವುದಿಲ್ಲ. ಹಾಲು ಒಸರುವ ಮರದ ಬುಡದಲ್ಲಿ ಮಣ್ಣು ಮಾಡುತ್ತಾರೆ, ಪಾಲೆಯೋ ಹಲಸೋ ಯಾವುದಾದರೂ ಸರಿ. ತಾಯಿ ಕೊಡಲಾಗದ್ದನ್ನು ಮರ ಕೊಡುತ್ತದೆ ಎಂದು ನಂಬಿಕೆ. ಅಮ್ಮನ ತವರಿನ ಹಿತ್ತಿಲಿನಲ್ಲೇ ಅಂಥ ಒಂದು ಹಲಸಿನ ಮರ ಇತ್ತು, ಅದರ ಬುಡದಲ್ಲಿ ಅವಳ ಅಣ್ಣನೊಬ್ಬನಿದ್ದ. ಎಷ್ಟು ಕಾಯಿ ಬಿಟ್ಟರೂ ಆ ಮರದ ಹಣ್ಣನ್ನು ಮನೆಯವರು ಮುಟ್ಟುತ್ತಿರಲಿಲ್ಲ, ಕೊಯ್ದು ದನಗಳಿಗೆ ಹಾಕುತ್ತಿದ್ದರು. ಬೆಟ್ಟದ ಆ ಮೂಲೆಯಲ್ಲಿ ಮರ ಇಲ್ಲ ಎಂದಾದರೆ, ಮರ ಮಾಡಬೇಕು. ಅಮ್ಮ ಅಷ್ಟು ಸರಳವಾಗಿ ತೀರ್ಮಾನಿಸಿದಳು. ಅವಳ ಪಾಲಿಗೆ ಅದು ನೆನಪಿನ ಗಿಡ ಅಲ್ಲ, ಊಟದ ವ್ಯವಸ್ಥೆ.

ಆ ಬೇಸಿಗೆಯಲ್ಲಿ ಊರಿಗೆ ಹೋಗಿ ಬರುವಾಗ ಅವಳ ಸೂಟ್‌ಕೇಸಿನಲ್ಲಿ ಉಪ್ಪಿನಕಾಯಿ, ಹಪ್ಪಳ ಒಂದೂ ಇರಲಿಲ್ಲ. ಕೆಮ್ಮಣ್ಣು ಮೆತ್ತಿದ ಹಲಸಿನ ಬೀಜ ಮಾತ್ರ. ಮಳೆಗಾಲದ ಪಲ್ಯಕ್ಕೆಂದು ನಮ್ಮವರು ಹಾಗೆ ಮಣ್ಣು ಹಚ್ಚಿ ಇಡುತ್ತಾರೆ, ಬೀಜ ಒಣಗುವುದಿಲ್ಲ. ವಿಮಾನ ನಿಲ್ದಾಣದಲ್ಲಿ ತಪಾಸಣೆಯವನು ಒಂದನ್ನು ಎರಡು ಬೆರಳಲ್ಲಿ ಹಿಡಿದು ದೀಪದ ಕಡೆ ಎತ್ತಿದ.

"ಎಶ್ ಹಾದಾ?" ಇದೇನು ಎಂದು ಕೇಳಿದ.

"ಅಕಲ್," ಎಂದಳು ಅಮ್ಮ. ಊಟ ಎಂದು. ಅವಳ ಲೆಕ್ಕದಲ್ಲಿ ಅದು ಸುಳ್ಳಲ್ಲ.

ಬೀಜಗಳೇನೋ ಮೊಳೆತವು. ಹೀಟರ್ ಆ ಕೋಣೆಗೆ ಹೋದದ್ದು ಆಗ. ಆದರೆ ಅವನ್ನು ಹೊರಗೆ ನೆಡುವುದರಲ್ಲಿ ಅಮ್ಮ ನಮ್ಮ ಕಡೆಯವರು ಮಾತ್ರ ಮಾಡಬಹುದಾದ ತಪ್ಪು ಮಾಡಿದಳು. ಅವಳು ಮಳೆಗೆ ಕಾದಳು. ಗಿಡ ನೆಡುವುದು ಮಳೆ ಹಿಡಿದ ಮೇಲೆ, ಇದು ನಮ್ಮ ಕರಾವಳಿಯಲ್ಲಿ ಸಣ್ಣ ಮಕ್ಕಳಿಗೂ ಗೊತ್ತು. ಸೆಪ್ಟೆಂಬರ್ ಹೋಯಿತು, ಅಕ್ಟೋಬರ್ ಹೋಯಿತು, ಬಿಸಿಲು ಚೆನ್ನಾಗಿಯೇ ಇತ್ತು. ಮೌಜಾ ಕೈಸನ್ನೆ ಮಾಡಿ ಈಗಲೇ ನೆಡು ಎಂದರೂ ಅಮ್ಮ ಆಕಾಶ ನೋಡುತ್ತಾ ಕೂತಳು. ಮಳೆ ಬಂದದ್ದು ಡಿಸೆಂಬರ್ ಕೊನೆಯಲ್ಲಿ. ಸೆರಗು ತಲೆಗೆ ಹಾಕಿಕೊಂಡು ಆ ಮಳೆಯಲ್ಲೇ ಹೋಗಿ ನೆಟ್ಟು ಬಂದಳು, ಊರಿನಲ್ಲಿ ಹೇಗೋ ಹಾಗೆ. ಮಳೆ ಬಿಟ್ಟಿತು, ಬೆಟ್ಟದ ಮೇಲೆ ಇಬ್ಬನಿ ಬೆಳ್ಳಗೆ ಹೆಪ್ಪುಗಟ್ಟಿತು. ಬಿಸಿನೀರು ಹೊಯ್ದ ಸೊಪ್ಪಿನ ಹಾಗೆ ಗಿಡಗಳೆಲ್ಲ ಕಪ್ಪಾಗಿ ಜೋತುಬಿದ್ದವು. ಮಳೆ ಮತ್ತು ಚಳಿ ಒಟ್ಟಿಗೆ ಬರುವ ಊರೂ ಇರುತ್ತದೆ ಎಂದು ಅವಳಿಗೆ ಯಾರೂ ಕಲಿಸಿರಲಿಲ್ಲ.

ಮುಂದಿನ ವರ್ಷಗಳಲ್ಲಿ ತಪ್ಪುಗಳು ಬದಲಾದವು, ಕೊನೆ ಬದಲಾಗಲಿಲ್ಲ. ವಸಂತದಲ್ಲಿ ನೆಟ್ಟಳು, ಗೋಣಿ ಸುತ್ತಿದಳು, ಕತ್ತೆಯ ಲದ್ದಿ ಹಾಕಿದಳು. ಬೇಸಿಗೆಯಲ್ಲಿ ಚಿಗುರಿದ್ದು ಚಳಿಗೆ ಸತ್ತಿತು. ಮಸ್ಕತ್ತಿನ ಮಾರುಕಟ್ಟೆಗೆ ಹಲಸಿನ ಹಣ್ಣು ಬಂದಾಗ ನಮ್ಮ ಕೇಂದ್ರದ ಜೀಪಿನ ಡ್ರೈವರ್, ಬಲೂಚಿಯವನು, ಒಂದನ್ನು ತಂದುಕೊಡುತ್ತಿದ್ದ. ಹಸಿದು ಹಲಸು ತಿನ್ನು ಎನ್ನುತ್ತಾರೆ, ನಮ್ಮ ಮನೆಯಲ್ಲಿ ಹಸಿದರೂ ತಿನ್ನುವಂತಿರಲಿಲ್ಲ. ಅಮ್ಮ ಮೊದಲು ಬೀಜಗಳನ್ನು ಎಣಿಸಿ ತೆಗೆದಿಡುತ್ತಿದ್ದಳು, ಆಮೇಲೆ ಸೊಳೆ ನಮಗೆ. ಪ್ರತಿ ಚಳಿಗಾಲ ಕಳೆದ ಮೇಲೆ ಒಂದು ಶಾಸ್ತ್ರ ಇತ್ತು. ಹೊಲದ ತುದಿಯಿಂದ ಸತ್ತ ಗಿಡಗಳನ್ನು ಕಿತ್ತು ತಂದು, ಅಂಗಳದಲ್ಲಿ ಕೂತು, ಒಂದೊಂದನ್ನೇ ಮುರಿದು ನೋಡುವುದು. ಹಾಲು ಬಂದರೆ ಜೀವ ಇದೆ. ಟಕ್ ಎಂದು ಒಣ ಶಬ್ದವಾದರೆ ಇಲ್ಲ. ಎಲ್ಲವೂ ಟಕ್ ಎನ್ನುತ್ತಿದ್ದವು, ಆದರೂ ಅವಳು ಒಂದನ್ನೂ ಮುರಿಯದೆ ಬಿಡುತ್ತಿರಲಿಲ್ಲ. ನಾನು ಹೊಸ್ತಿಲಲ್ಲಿ ಕೂತು ಆ ಶಬ್ದ ಕೇಳುತ್ತಿದ್ದೆ. ಇಂದಿಗೂ ಬೆಂಕಿಗೆ ಹಾಕಲು ಯಾರಾದರೂ ಪುರಲೆ ಮುರಿದರೆ ನಾನು ಎದ್ದು ಬೇರೆ ಕಡೆ ಹೋಗುತ್ತೇನೆ.

ನನಗೆ ಶಾಲೆ ಇರಲಿಲ್ಲ. ಬೆಟ್ಟದ ಮೇಲಿದ್ದದ್ದು ಅರಬ್ಬಿ ಶಾಲೆ, ಭಾರತದ ಪಾಠದ ಶಾಲೆಗಳೆಲ್ಲ ಕೆಳಗೆ. ಅಮ್ಮ ಬೆಳಿಗ್ಗೆ ಅಕ್ಕಿ ಆರಿಸುತ್ತಾ ನನಗೆ ಕನ್ನಡ ಕಾಗುಣಿತ ಮತ್ತು ಮಗ್ಗಿ ಹೇಳಿಕೊಡುತ್ತಿದ್ದಳು. ಗಿಡಗಳಿಗೆ ನೀರಿನ ಹೊತ್ತಾದರೆ ಮಗ್ಗಿ ಅರ್ಧಕ್ಕೇ ನಿಲ್ಲುತ್ತಿತ್ತು. ಏಳರ ಮಗ್ಗಿಯ ಕೊನೆಯ ಭಾಗ ನನಗೆ ಬಹಳ ವರ್ಷ ಬಾಯಿಗೆ ಬರುತ್ತಿರಲಿಲ್ಲ. ಅಪ್ಪನ ಎರಡು ವರ್ಷ ಎಂದೋ ಮುಗಿದಿತ್ತು. ಮಸ್ಕತ್ತಿನ ಹತ್ತಿರ ಅಲ್ ಖೌದ್‌ಗೆ ವರ್ಗ ಕೊಡುತ್ತೇವೆಂದು ಮೇಲಧಿಕಾರಿಗಳು ಹೇಳಿದ್ದರು. ಅಲ್ಲಿ ಮನೆ ಬಾಗಿಲಿಗೆ ಶಾಲೆಯ ಬಸ್ಸು ಬರುತ್ತದೆ, ಕೆಳಮನೆಯಲ್ಲಿ ತುಳು ಮಾತಾಡುವವರು ಸಿಗುತ್ತಾರೆ. ಅಪ್ಪ ಒಂದು ಸಲ ಬೇಡ ಎಂದ, ಎರಡನೆಯ ಸಲ ಊಟಕ್ಕೆ ಕೂತಾಗ ಮಾತು ತೆಗೆದ. ಅವನ ಮುಂದೆ ಗಂಜಿಯ ಬಟ್ಟಲು ಹಬೆಯಾಡುತ್ತಿತ್ತು.

"ಶಾಲಿಗೆ ಎಂಟಾಯಿತು. ಬೆಟ್ಟದಲ್ಲಿ ಆಡು ಕಾಯಲಿಕ್ಕೆ ಹಾಕುವುದಾ ಇವಳನ್ನು?"

"ಗಿಡ ಒಂದು ಬೇರು ಹಿಡಿಯಲಿ. ಮತ್ತೆ ಹೋಗುವಾ."

"ಪ್ರತಿವರ್ಷ ಅದನ್ನೇ ಹೇಳ್ತಾ ಇದ್ದಿ. ಇಲ್ಲಿ ಹಲಸು ಆಗುವುದಿಲ್ಲ ಮಾರಾಯ್ತಿ. ಆಗುವುದಿಲ್ಲ ಅಂದರೆ ಆಗುವುದಿಲ್ಲ. ಖಲಾಸ್."

"ನಿಮ್ಮ ಮಗಳಿಗೆ ನೀವಿದ್ದೀರಿ. ಅವನಿಗೆ ಯಾರಿದ್ದಾರೆ ಇಲ್ಲಿ?"

ಅಪ್ಪ ಬಟ್ಟಲು ದೂಡಿ ಎದ್ದುಹೋದ. ಅಮ್ಮ ಅವನ ಗಂಜಿಯನ್ನು ಮುಚ್ಚಿಟ್ಟಳು. ನಿಮ್ಮ ಮಗಳು ಎಂಬ ಮಾತು ನನಗೆ ನಾಟಿತು. ಅಲ್ಲಿಯವರೆಗೆ ನಾನು ಅಮ್ಮನ ಮಗಳು ಎಂದುಕೊಂಡಿದ್ದೆ. ಹೆಸರಿಲ್ಲದ ತಮ್ಮನನ್ನು ನಾನು ಆಗ ಚೆನ್ನಾಗಿಯೇ ದ್ವೇಷಿಸುತ್ತಿದ್ದೆ, ಅದನ್ನು ಈಗ ನಯ ಮಾಡಿ ಬರೆಯುವುದು ನನಗೆ ಇಷ್ಟವಿಲ್ಲ. ಅವನು ಸತ್ತೂ ಮನೆ ತುಂಬ ಇದ್ದ, ನಾನು ಇದ್ದೂ ಬಾಗಿಲ ಹೊರಗಿದ್ದೆ.

ನನ್ನ ಹಗಲುಗಳೆಲ್ಲ ಮೌಜಾಳ ಮನೆಯಲ್ಲಿ ಕಳೆಯುತ್ತಿದ್ದವು. ಏಪ್ರಿಲಿನಲ್ಲಿ ಅವಳ ಜೊತೆ ಗುಲಾಬಿ ಬಿಡಿಸುತ್ತಿದ್ದೆ, ಪನ್ನೀರು ಕಾಯಿಸುವ ಒಲೆಯ ಹತ್ತಿರ ಹೊಗೆಯಲ್ಲಿ ಕೂತಿರುತ್ತಿದ್ದೆ. ಅಲ್ಲಿ ಬೆಚ್ಚಗಿತ್ತು. ನನ್ನ ಕಿರುಬೆರಳಿನಲ್ಲಿ ಒಂದು ನರೂಲಿ ಎದ್ದಿತ್ತು. ಒಂದು ದಿನ ಮೌಜಾ ಅದನ್ನು ನೋಡಿ, ಬೆರಳು ಹಿಡಿದುಕೊಂಡೇ ನನ್ನನ್ನು ಅಂಗಳದ ಗೋಡೆಯ ಬಳಿಗೆ ಎಳೆದುಕೊಂಡು ಹೋದಳು. ಅಲ್ಲಿ ಅಂಜೂರದ ಮರ ಇತ್ತು. ಅವಳು ಅದಕ್ಕೆ ತೀನ್ ಎನ್ನುತ್ತಿದ್ದಳು. ಒಂದು ಎಲೆ ಮುರಿದಳು. ತೊಟ್ಟಿನಿಂದ ಬಿಳಿ ಹಾಲು ಒಸರಿ ಹನಿಯಾಗಿ ನಿಂತಿತು. ಅದನ್ನು ನರೂಲಿಗೆ ಒತ್ತಿ ಹಚ್ಚಿದಳು, ದಿನವೂ ಬಾ ಎಂದಳು. ನಾನು ಮನೆಗೆ ಓಡಿದೆ. ಅಷ್ಟು ಸಂತೋಷದಿಂದ ನಾನು ಆ ಮನೆಯೊಳಗೆ ಓಡಿದ್ದು ಅದೊಂದೇ ಸಲ. ಬೆಟ್ಟದಲ್ಲಿ ಹಾಲಿನ ಮರ ಇದೆ, ಚಳಿಗೂ ಸಾಯದೆ ನಿಂತಿದೆ, ಇನ್ನು ನಾವು ಕೆಳಗೆ ಹೋಗಬಹುದು ಎಂಬುದು ನನ್ನ ಲೆಕ್ಕ.

"ಅಮ್ಮ, ಮೌಜಾಳ ತೀನ್ ಮರದಲ್ಲೂ ಹಾಲು ಉಂಟು. ಬೆಳ್ಳಗೆ. ನಾನು ನೋಡಿದೆ."

ಅಮ್ಮ ಕೈಯಲ್ಲಿದ್ದ ಡಬ್ಬ ಕೆಳಗಿಟ್ಟು ನನ್ನ ಬೆರಳು ಹಿಡಿದು ನೋಡಿದಳು. ನರೂಲಿಯ ಸುತ್ತ ಚರ್ಮ ಕೆಂಪಾಗಿ ಉಬ್ಬಿತ್ತು.

"ಉರಿ ಇದೆಯಾ?"

"ಸ್ವಲ್ಪ."

"ಚರ್ಮ ಸುಡುವ ಹಾಲು. ಅದನ್ನು ಬಾಲೆಯ ಬಾಯಿಗೆ ಬಿಡುವುದಾ?"

ಬೈಯಲಿಲ್ಲ. ಬೆರಳಿಗೆ ತೆಂಗಿನೆಣ್ಣೆ ಹಚ್ಚಿ ಮತ್ತೆ ಡಬ್ಬ ಎತ್ತಿಕೊಂಡಳು. ನಾನು ಆ ಮರದ ಮಾತು ಮತ್ತೆ ಎತ್ತಲಿಲ್ಲ. ನರೂಲಿ ಉದುರಿಹೋಯಿತು.

ಅಷ್ಟರಲ್ಲಿ ಒಂದು ಗಿಡ ಮಾತ್ರ ದಕ್ಕಿತ್ತು. ಅಮ್ಮ ಅದನ್ನು ಹೊರಗೆ ಒಯ್ಯದೆ ಎರಡು ಚಳಿಗಾಲ ಹೀಟರಿನ ಪಕ್ಕದಲ್ಲೇ ಇಟ್ಟು, ಹಾಲಿನಪುಡಿಯ ಡಬ್ಬದಿಂದ ಎಣ್ಣೆಯ ದೊಡ್ಡ ಡಬ್ಬಕ್ಕೆ ಬೇರಿಗೆ ಪೆಟ್ಟಾಗದಂತೆ ಬದಲಿಸಿ ಬೆಳೆಸಿದ್ದಳು. ಅದು ನನ್ನ ಭುಜದೆತ್ತರಕ್ಕೆ ಬಂದಿತ್ತು. ಆ ವಸಂತದಲ್ಲಿ ಅದನ್ನು ತಮ್ಮನಿದ್ದ ಮೂಲೆಯಲ್ಲಿ ನೆಟ್ಟರು. ಅಪ್ಪ ತಾನೇ ಕಲ್ಲು ಹೊತ್ತು ಸುತ್ತ ಗೋಡೆ ಕಟ್ಟಿದ, ಎದೆಯೆತ್ತರಕ್ಕೆ. ಇದು ಹಿಡಿದರೆ ಹೋಗುವುದು ಎಂದು ಇಬ್ಬರ ನಡುವೆ ಮಾತಾಗಿತ್ತು. ಬೇಸಿಗೆಯಲ್ಲಿ ಅದು ಅಗಲವಾದ ಹೊಳೆಯುವ ಎಲೆಗಳನ್ನು ಬಿಟ್ಟಿತು. ಅಮ್ಮ ಸಂಜೆ ಹೋಗಿ ನೋಡಿ ಬಂದು ಹಾಡು ಗುನುಗುತ್ತಿದ್ದಳು. ನಾನೂ ಆ ಗಿಡ ಬದುಕಲಿ ಎಂದು ದೇವರಿಗೆ ಕೈಮುಗಿಯತೊಡಗಿದೆ, ನನ್ನ ಶಾಲೆಗೋಸ್ಕರ. ಚಳಿಗಾಲ ಬಂದಾಗ ಗೋಡೆಯ ಮೇಲೆ ಗೋಣಿ, ಪ್ಲಾಸ್ಟಿಕ್ ಹೊದೆಸಿ ಗುಡಿಸಲು ಮಾಡಿದರು. ಹೀಟರ್ ಮನೆಯಿಂದ ಆ ಗುಡಿಸಲಿಗೆ ಹೋಯಿತು. ಚಳಿ ಇನ್ನೂ ಬಿಗಿಯಾದಾಗ ನನ್ನ ರಜಾಯಿಯೂ ಹೋಯಿತು. ಅಮ್ಮ ತನ್ನ ಎರಡು ಹಳೆಯ ಸೀರೆಗಳನ್ನು ಕಂಬಳಿಯ ಒಳಗಿಟ್ಟು ಹೊಲಿದು ನನಗೆ ಹೊದೆಸಿದಳು.

ಕುವೈತಿನ ಯುದ್ಧದ ಸುದ್ದಿ ಅಪ್ಪನ ರೇಡಿಯೋದಲ್ಲಿ ದಿನವಿಡೀ ಬರುತ್ತಿದ್ದ ಚಳಿಗಾಲ ಅದು. ನನಗೆ ಕೆಮ್ಮು ಶುರುವಾಯಿತು, ಆಮೇಲೆ ಜ್ವರ, ಆಮೇಲೆ ಉಸಿರೆಳೆದರೆ ಪಕ್ಕೆ ಚುಚ್ಚುವುದು. ಮಳೆ ಹಿಡಿಯಿತು, ದಾರಿ ಕೊಚ್ಚಿಹೋಯಿತು, ಮೋಡ ಇಳಿದು ಅಂಗಳದಲ್ಲೇ ನಿಂತಿತು. ತಮ್ಮ ಬಂದ ವಾರದ ಹಾಗೆಯೇ ಎಲ್ಲ. ಅಪ್ಪನೂ ನರ್ಸೂ ಇಂಜೆಕ್ಷನ್ ಕೊಟ್ಟರು. ನರ್ಸ್ ಹೊರಟ ಮೇಲೆ ಅಪ್ಪ ಒಂದೇ ಮಾತು ಹೇಳಿದ.

"ಕೋಣೆ ಬಿಸಿ ಇರಬೇಕು."

ಹೀಟರ್ ತಾ ಎನ್ನಲಿಲ್ಲ. ಅಮ್ಮನ ಮುಖ ನೋಡದೆ ಕೇಂದ್ರಕ್ಕೆ ಹೋದ. ಅವನ ಮೇಲೆ ನನಗೆ ಆಗ ಬಂದ ಸಿಟ್ಟು ಇಷ್ಟು ವರ್ಷವಾದರೂ ಪೂರ್ತಿ ಇಳಿದಿಲ್ಲ. ಅಮ್ಮ ಒಲೆಗೆ ಇನ್ನೆರಡು ಕಟ್ಟಿಗೆ ಇಟ್ಟಳು, ನನ್ನ ಹಣೆ ಮುಟ್ಟಿದಳು, ಬಾಗಿಲಲ್ಲಿ ನಿಂತು ಬಹಳ ಹೊತ್ತು ಹೊಲದ ಕಡೆ ನೋಡಿದಳು. ಆಮೇಲೆ ಚಪ್ಪಲಿ ಮೆಟ್ಟಿ ಹೊರಟಳು. ಗಿಡ ನೋಡಲು ಹೋದಳು ಎಂದುಕೊಂಡು ನಾನು ಕಣ್ಣು ಮುಚ್ಚಿದೆ. ದುಃಖ ಕೂಡ ಆಗಲಿಲ್ಲ, ಅದು ದಿನವೂ ಆಗುವ ಸಂಗತಿ.

ಸೀಮೆಎಣ್ಣೆಯ ವಾಸನೆಗೆ ಎಚ್ಚರವಾಯಿತು. ಅಮ್ಮ ನನ್ನ ಪಕ್ಕ ಕುಕ್ಕರಗಾಲಲ್ಲಿ ಕೂತು ಹೀಟರಿಗೆ ಬೆಂಕಿಕಡ್ಡಿ ಗೀರುತ್ತಿದ್ದಳು. ಬತ್ತಿ ಮಳೆಗೆ ನೆನೆದಿತ್ತು, ಹತ್ತುತ್ತಿರಲಿಲ್ಲ. ಅವಳ ತಲೆಯಿಂದ ನೀರು ಇಳಿದು ಕಡ್ಡಿಪೆಟ್ಟಿಗೆಯ ಮೇಲೆ ಬೀಳುತ್ತಿತ್ತು. ಹತ್ತಿದ ಮೇಲೆ ರಜಾಯಿಯನ್ನು ಅದರೆದುರು ಹಿಡಿದು ಒಣಗಿಸಿ ನನ್ನ ಮೇಲೆ ಎಳೆದಳು. ಅದು ಗೋಣಿ ಮತ್ತು ಲದ್ದಿ ನಾರುತ್ತಿತ್ತು. ಆ ನಾತ ನನಗೆ ಎಷ್ಟು ಇಷ್ಟವಾಯಿತೆಂದರೆ, ಆಮೇಲೆ ಅವಳು ಅದನ್ನು ಒಗೆಯಲು ಎತ್ತಿದಾಗ ನಾನು ಅತ್ತೆ. ಜ್ವರ ಇಳಿಯುವವರೆಗೆ ಅಮ್ಮ ನನ್ನ ಪಕ್ಕದಿಂದ ಏಳಲಿಲ್ಲ, ಹೊಲದ ಕಡೆಗೆ ಒಂದು ಸಲವೂ ಹೋಗಲಿಲ್ಲ. ಮಳೆ ನಿಂತು ಚಳಿ ಬಿಗಿದ ಬೆಳಿಗ್ಗೆ ಅವಳು ಕಿಟಕಿಗೆ ಬೆನ್ನು ಹಾಕಿ ಕೂತಿದ್ದಳು.

ಬಿಸಿಲು ಬಂದ ಮೇಲೆ ಅಪ್ಪ ಹೋಗಿ ನೋಡಿ, ಗುಡಿಸಲಿನ ಗೋಣಿಗಳನ್ನು ಮಡಚಿ ತಂದ. ನಾನು ಎದ್ದು ಓಡಾಡತೊಡಗಿದ ಮೇಲೆ ಅವಳೇ ಹೋಗಿ ಗಿಡವನ್ನು ಬುಡದಲ್ಲಿ ಮುರಿದಳು. ಆ ಸಲ ಅದನ್ನು ಮನೆಗೆ ತರಲಿಲ್ಲ, ಶಬ್ದ ನನಗೆ ಕೇಳಿಸಲಿಲ್ಲ. ಅದೇ ದಿನ ಊಟಕ್ಕೆ ಬಡಿಸುವಾಗ ಅಪ್ಪನಿಗೆ ಹೇಳಿದಳು, ಅಲ್ ಖೌದ್‌ಗೆ ಹೂಂ ಎನ್ನಿ ಎಂದು.

ನಾವು ಹೊರಟದ್ದು ಮಾರ್ಚಿನಲ್ಲಿ. ಜೀಪಿಗೆ ಸಾಮಾನು ಏರಿಸಿ ಆಗಿತ್ತು.

"ಯಲ್ಲಾ ಬೆಹನ್‌ಜೀ, ದೇರ್ ಹೋ ಜಾಯೇಗಾ," ಎಂದು ಡ್ರೈವರ್ ಅವಸರಿಸಿದ.

ಅಮ್ಮ ನನ್ನ ಕೈ ಹಿಡಿದು ಮೌಜಾಳ ಅಂಗಳಕ್ಕೆ ಇಳಿದಳು. ಐದು ಚಳಿಗಾಲದಲ್ಲಿ ಅವಳು ಮೌಜಾಳಲ್ಲಿ ಏನನ್ನೂ ಬೇಡಿದವಳಲ್ಲ. ಅಂದು ಗೋಡೆಯ ಬದಿಯ ಮರ ತೋರಿಸಿ ತೀನ್ ಎಂದಳು, ಆಮೇಲೆ ಕೆಳಗಿನ ಹೊಲದ ತುದಿ ತೋರಿಸಿದಳು. ಮೌಜಾ ಕತ್ತಿ ತಂದು, ಚಿಗುರು ಒಡೆಯುತ್ತಿದ್ದ ಒಂದು ಗೆಲ್ಲನ್ನು ಕಡಿದು, ಕಡಿದ ಬಾಯಿಗೆ ಹಸಿಮಣ್ಣು ಮೆತ್ತಿ ಕೊಟ್ಟಳು. ತಮ್ಮನ ಜಾಗಕ್ಕೆ ನನ್ನನ್ನು ಕರೆದುಕೊಂಡು ಹೋದದ್ದು ಅದೇ ಮೊದಲು. ನಾನು ಅಂದುಕೊಂಡಿದ್ದಕ್ಕಿಂತ ಅದು ಬಹಳ ಸಣ್ಣದಿತ್ತು. ನನ್ನ ರಜಾಯಿಯನ್ನು ನಾಲ್ಕು ಮಡಿಕೆ ಮಾಡಿ ಹಾಸಿದರೆ ಮುಚ್ಚಿಹೋಗುವಷ್ಟು. ಇಷ್ಟು ಸಣ್ಣವನ ಮೇಲೆ ನಾನು ಅಷ್ಟೊಂದು ಸಿಟ್ಟು ಹೊತ್ತುಕೊಂಡು ತಿರುಗಿದ್ದೆ. ಅಪ್ಪ ಕಟ್ಟಿದ ಕಲ್ಲುಗೋಡೆಯೊಳಗೆ ಅಮ್ಮ ಗುಂಡಿ ತೋಡಿ ಗೆಲ್ಲನ್ನು ನೆಟ್ಟಳು, ಮಣ್ಣು ತುಳಿದು ಗಟ್ಟಿ ಮಾಡಿದಳು. ಆಮೇಲೆ ಅದರ ತುದಿಯ ಚಿಗುರನ್ನು ಉಗುರಿನಿಂದ ಚಿವುಟಿದಳು. ಹಾಲು ಬಂತು. ಅದನ್ನು ಬೆರಳಿಗೆ ತೆಗೆದುಕೊಂಡು ತುಟಿಗೆ ಸವರಿ, ನಾಲಿಗೆಗೂ ಮುಟ್ಟಿಸಿಕೊಂಡು, ಕಣ್ಣು ಮುಚ್ಚಿ ನಿಂತಳು.

"ಉರಿಯುತ್ತದಾ ಅಮ್ಮ?"

"ಉರಿಯುತ್ತದೆ." ಕೈಯ ಮಣ್ಣು ಕೊಡವುತ್ತಾ ಹೇಳಿದಳು, "ಅವನಿಗೀಗ ನಾಲ್ಕು ತುಂಬಿತು. ಖಾರ ತಿನ್ನುವ ಪ್ರಾಯ."

ಬೆಟ್ಟ ಇಳಿಯುವ ದಾರಿಯುದ್ದಕ್ಕೂ ಅವಳ ತುಟಿ ಬಾಯುತ್ತಾ ಹೋಯಿತು. ನಿಜ್ವಾದಲ್ಲಿ ಚಹಾ ಕುಡಿಯಲಾಗಲಿಲ್ಲ. ಏನಾಯಿತು ಎಂದು ಅಪ್ಪ ಕೇಳಿದ್ದಕ್ಕೆ ಚಳಿಗೆ ಒಡೆದದ್ದು ಎಂದಳು. ಅಲ್ ಖೌದ್‌ನ ಹೊಸ ಮನೆಯಲ್ಲಿ ಗುಳ್ಳೆಗಳು ಒಡೆದು ಒಣಗುವವರೆಗೆ ಮೊಸರನ್ನ ಮಾತ್ರ ತಿಂದಳು. ಆ ಗೆಲ್ಲು ಚಿಗುರಿತೋ ಇಲ್ಲವೋ ನಮಗೆ ಗೊತ್ತಿಲ್ಲ. ಮೇಲಿನಿಂದ ಬಂದವರನ್ನು ಅಮ್ಮ ಒಂದು ದಿನವೂ ವಿಚಾರಿಸಲಿಲ್ಲ. ಕೆಳಮನೆಯ ಉಡುಪಿಯವರು ಕರಿಬೇವಿನ ಸಸಿ ತಂದುಕೊಟ್ಟಾಗಲೂ ನನ್ನ ಕೈಗೆ ಗಿಡ ಬರುವುದಿಲ್ಲ ಎಂದು ವಾಪಸು ಕಳಿಸಿದಳು.

ಸಾಮಾನು ಇಳಿಸಿದ ದಿನ ಅಪ್ಪ ಹೀಟರನ್ನು ಡ್ರೈವರಿಗೆ ಕೊಡಲು ಹೊರಟಿದ್ದ. ಮಸ್ಕತ್ತಿನ ಸೆಕೆಗೆ ಅದರಿಂದ ಏನು ಉಪಯೋಗ? ಅಮ್ಮ ಬೇಡ ಎಂದಳು, ಬಾತ ತುಟಿಯಲ್ಲಿ ಮಾತು ಸರಿಯಾಗಿ ಹೊರಡುತ್ತಿರಲಿಲ್ಲ.

"ಶಾಲಿಯ ಕೋಣೆಯಲ್ಲಿ ಇರಲಿ."

ನನಗೊಂದು ಕೋಣೆ ಇದೆ ಎಂದು ತಿಳಿದದ್ದು ಆ ಮಾತಿನಿಂದ. ಫ್ಯಾನಿನ ಕೆಳಗೂ ಬೆವರುವ ಆ ಕೋಣೆಯಲ್ಲಿ ಹೀಟರ್ ನನ್ನ ಮಂಚದ ಪಕ್ಕ ವರ್ಷಗಟ್ಟಲೆ ಇತ್ತು, ಗೆಳತಿಯರು ನೋಡಿ ನಗುತ್ತಿದ್ದರು. ಒಂದು ದಿನವೂ ಅದನ್ನು ಹಚ್ಚಲಿಲ್ಲ. ಆದರೆ ಪ್ರತಿ ಡಿಸೆಂಬರಿನಲ್ಲಿ ಅಮ್ಮ ಬಂದು ನನ್ನ ಹಾಸಿಗೆಯ ಬದಿಯಲ್ಲಿ ಕೂತು ಅದಕ್ಕೆ ಹೊಸ ಬತ್ತಿ ಹಾಕುತ್ತಿದ್ದಳು.